ಕರ್ನಾಟಕದ ಜನರ ನಿತ್ಯಚಿಂತೆ ಮತ್ತು ವಿರಾಮ

ಪಶ್ಚಿಮದ ಅರಬ್ಬೀ ಸಮುದ್ರತೀರದಿಂದ ಪೂರ್ವದ ಕೋಲಾರ, ರಾಯಚೂರುಗಳ ಬಯಲಿನವರೆಗೆ, ಉತ್ತರದ ಬೀದರಿನಿಂದ ದಕ್ಷಿಣದ ಚಾಮರಾಜನಗರದವರೆಗೆ ಹಬ್ಬಿರುವ ಕರ್ನಾಟಕ ರಾಜ್ಯದ ನಿವಾಸಿಗಳು ದಿನದಿನವೂ ಯಾವುದನ್ನು ಕುರಿತು ಚಿಂತಿಸುತ್ತಾರೆ, ಯಾವುದಕ್ಕಾಗಿ ಅಹವಾಲು ಹೇಳಿಕೊಳ್ಳುತ್ತಾರೆ, ದುಡಿಮೆಯ ನಡುವೆ ದೊರೆತ ಬಿಡುವನ್ನು ಯಾವ ಬಗೆಯಲ್ಲಿ ಕಳೆಯುತ್ತಾರೆ ಎಂಬುದರ ಸ್ಥೂಲ ಸಮೀಕ್ಷೆಯೇ ಈ ಲೇಖನದ ವಿಷಯ. ರಾಜ್ಯದ ವಿಸ್ತೀರ್ಣ 1,91,791 ಚದರ ಕಿಲೋಮೀಟರ್. 2011ರ ಜನಗಣತಿಯ ಪ್ರಕಾರ ಜನಸಂಖ್ಯೆ 6,10,95,297. ಇವರಲ್ಲಿ ನೂರಕ್ಕೆ ಸುಮಾರು 61 ಮಂದಿ ಗ್ರಾಮವಾಸಿಗಳು. 1956ರ ನವೆಂಬರ್ 1ರಂದು ಮೈಸೂರು ಎಂಬ ಹೆಸರಿನಿಂದ ಏಕೀಕೃತವಾಗಿ, 1973ರ ನವೆಂಬರ್ 1ರಂದು ಕರ್ನಾಟಕವೆಂಬ ಅಭಿಧಾನವನ್ನು ಪಡೆದ ಈ ನಾಡಿನಲ್ಲಿ ಹಳೆಯ ಮೈಸೂರು ಸಂಸ್ಥಾನ, ಮುಂಬಯಿ ಪ್ರಾಂತ, ಹೈದರಾಬಾದು ಸಂಸ್ಥಾನ, ಮದರಾಸು ಪ್ರಾಂತ ಮತ್ತು ಕೊಡಗು ಎಂಬ ಐದು ಆಡಳಿತಗಳ ಪರಂಪರೆಗಳು ಕೂಡಿಕೊಂಡಿರುವುದರಿಂದ, ಒಂದು ಸೀಮೆಯ ಚಿಂತೆ ಇನ್ನೊಂದರ ಚಿಂತೆಯನ್ನಾಗಲಿ, ಒಂದು ಸೀಮೆಯ ಆಟ ಇನ್ನೊಂದರ ಆಟವನ್ನಾಗಲಿ ಯಥಾವತ್ತಾಗಿ ಹೋಲುವುದಿಲ್ಲ. ಆದರೂ ಎಲ್ಲೆಡೆಗೂ ಸಾಮಾನ್ಯವಾದ ಲಕ್ಷಣವೊಂದುಂಟು: ಇಲ್ಲಿಯ ಜನ ಎಲ್ಲಿ ಕುಳಿತು ಚಿಂತಿಸುವರೋ ಬಹುಮಟ್ಟಿಗೆ ಅಲ್ಲಿಯೇ ಕುಳಿತು ನಲಿಯುತ್ತಾರೆ, ಯಾವ ಮಳೆ ಅವರ ಕಳವಳಕ್ಕೆ ಕಾರಣವೋ ಆ ಮಳೆಯೇ ಅವರ ಹಬ್ಬಕ್ಕೂ ತಿಥಿಯನ್ನು ಗೊತ್ತುಮಾಡುತ್ತದೆ.

ಮಳೆಯ ಲೆಕ್ಕ

ಸಹ್ಯಾದ್ರಿಯ ನೆತ್ತಿಯಲ್ಲಿರುವ ಆಗುಂಬೆಯಲ್ಲಿ ವರ್ಷವೊಂದಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿದರೆ, ಅಲ್ಲಿಂದ ಪೂರ್ವಕ್ಕೆ ಒಂದು ಹಗಲಿನ ಪ್ರಯಾಣದೊಳಗೆ ಸಿಗುವ ಚಳ್ಳಕೆರೆಯ ಸೀಮೆಯಲ್ಲಿ 500 ಮಿಲಿಮೀಟರಿನ ಆಸುಪಾಸಿನ ಮಳೆಗೂ ಜನ ಮುಗಿಲನ್ನು ನೋಡುತ್ತ ಕೂಡಬೇಕಾಗುತ್ತದೆ. ಮಲೆನಾಡಿನವನ ಚಿಂತೆ ಮಳೆ ಬಿಡುವುದು ಎಂದೆಂಬುದು. ಬಯಲುಸೀಮೆಯವನ ಚಿಂತೆ ಅದು ಹಿಡಿಯುವುದು ಎಂದೆಂಬುದು. ಈ ಎರಡು ಕಡೆಗಳಲ್ಲಿಯೂ ಬೇಸಾಯಗಾರರು ಮಳೆಯನ್ನು ಇಂಗ್ಲಿಷ್ ತಿಂಗಳುಗಳಿಂದ ಗುರುತಿಸದೆ ನಕ್ಷತ್ರಗಳಿಂದ ಗುರುತಿಸುವ ರೂಢಿಯನ್ನು ಇಂದಿಗೂ ಉಳಿಸಿಕೊಂಡಿದ್ದಾರೆ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರೆಗಳೆಂದು ಮೊದಲಾಗಿ ಸ್ವಾತಿ, ವಿಶಾಖೆಗಳವರೆಗೆ ಸೂರ್ಯನು ಒಂದೊಂದು ನಕ್ಷತ್ರದಲ್ಲಿರುವ ಸುಮಾರು ಹದಿಮೂರು, ಹದಿನಾಲ್ಕು ದಿನಗಳಿಗೆ ಒಂದೊಂದು ಮಳೆಯ ಹೆಸರು. ಭರಣಿ ಬಂದರೆ ಧರಣಿ ಬೆಳೆಯುವುದೆಂದೂ, ಆರಿದ್ರೆ ತಪ್ಪಿದರೆ ದಾರಿದ್ರ್ಯ ತಪ್ಪದೆಂದೂ ಹೇಳುವ ಗಾದೆಗಳು ವಾಸ್ತವವಾಗಿ ಬಿತ್ತನೆಯ ವೇಳಾಪಟ್ಟಿಗಳೇ ಆಗಿವೆ.

ಯುಗಾದಿಯ ದಿನ ದೇವಸ್ಥಾನದ ಜಗಲಿಯಲ್ಲಿ ಪಂಚಾಂಗಶ್ರವಣವನ್ನು ಕೇಳಲು ಕೂಡುವ ಜನಕ್ಕೆ ಆ ವರ್ಷದ ಮಳೆ ಬೆಳೆಗಳ ಫಲವೇ ಮುಖ್ಯ. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಅದೇ ಹಬ್ಬದ ಅಂಗವಾಗಿ ಎತ್ತುಗಳನ್ನು ಸಿಂಗರಿಸಿ ಹೊನ್ನಾರು ಹೂಡುತ್ತಾರೆ. ಉತ್ತರ ಕರ್ನಾಟಕದಲ್ಲಿ ಜ್ಯೇಷ್ಠ ಮಾಸದ ಕಾರಹುಣ್ಣಿಮೆಯಂದು ಸಾಯಂಕಾಲ ಊರಬಾಗಿಲಿನಲ್ಲಿ ಕರಿ ಹರಿಯುವ ಆಚರಣೆಯುಂಟು. ಬಣ್ಣ ಬಳಿದು ಕೊಡಣಸು ತೊಡಿಸಿದ ಎತ್ತುಗಳನ್ನು ಓಡಿಸಿದಾಗ ಬಿಳಿಯ ಎತ್ತು ಮುಂದಾದರೆ ಹಿಂಗಾರಿಯ ಬಿಳಿಜೋಳವೂ ಕೆಂದೆತ್ತು ಮುಂದಾದರೆ ಮುಂಗಾರಿಯ ಪೈರೂ ಹುಲುಸಾಗುವುದೆಂದು ಹಲವು ಊರುಗಳಲ್ಲಿ ನಂಬುತ್ತಾರೆ. ನೋಡುವವರು ಕೇಕೆ ಹಾಕಿ ಹಿಗ್ಗುವ ಓಟ ಇದಾದರೂ, ಮನೆಗೆ ಮರಳುವಾಗ ಅವರು ಆಡುವ ಮಾತು ಬಿತ್ತನೆಯ ಬೀಜದ್ದು. ವಿಜಯನಗರ ಜಿಲ್ಲೆಯ ಮೈಲಾರದಲ್ಲಿ ಭಾರತ ಹುಣ್ಣಿಮೆಯ ಜಾತ್ರೆಗೆ ನೆರೆದ ಲಕ್ಷಾಂತರ ಜನ ಬಿಲ್ಲನ್ನೇರಿದ ಗೊರವಯ್ಯನು ನುಡಿಯುವ ಒಂದೇ ವಾಕ್ಯದ ಕಾರಣಿಕವನ್ನು ಉಸಿರು ಬಿಗಿಹಿಡಿದು ಕೇಳಿ, ಅದಕ್ಕೆ ಮಳೆಯ ಅರ್ಥವನ್ನೂ ಬೆಳೆಯ ಅರ್ಥವನ್ನೂ ರಾಜಕೀಯದ ಅರ್ಥವನ್ನೂ ದಾರಿಯುದ್ದಕ್ಕೂ ಕಟ್ಟುತ್ತ ಹೋಗುವುದು ಇದೇ ಮನೋಧರ್ಮದ ಮತ್ತೊಂದು ನಿದರ್ಶನ.

ನೀರು

ಮಳೆಯ ನಂತರದ ಚಿಂತೆ ನೀರನ್ನು ಹಿಡಿದಿಡುವುದು. ರಾಜ್ಯದಲ್ಲಿ 36,000ಕ್ಕೂ ಮೇಲ್ಪಟ್ಟು ಕೆರೆಗಳಿವೆಯೆಂದು ಲೆಕ್ಕ. ಏರಿ, ತೂಬು, ಕೋಡಿಗಳುಳ್ಳ ಈ ಕೆರೆಗಳ ನೀರನ್ನು ಗದ್ದೆಯಿಂದ ಗದ್ದೆಗೆ ಸರದಿಯ ಮೇಲೆ ಹಂಚುತ್ತಿದ್ದ ನೀರುಗಂಟಿಯೆಂಬ ಗ್ರಾಮಸೇವಕನು ಊರಿನ ಅತ್ಯಂತ ಸೂಕ್ಷ್ಮವಾದ ನ್ಯಾಯಾಧಿಕಾರಿಯೂ ಆಗಿದ್ದನು. ಕೊಳವೆಬಾವಿಗಳು ಬಂದ ಮೇಲೆ ಕೆರೆಯ ಹೂಳೆತ್ತುವ ಸಾಮೂಹಿಕ ಕರ್ತವ್ಯ ಸಡಿಲಗೊಂಡು, ನೀರು ಅವರವರ ಜಮೀನಿನ ಸ್ವತ್ತಾಯಿತು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಆಳಕ್ಕೆ ಕೊರೆದಷ್ಟೂ ಫ್ಲೋರೈಡಿನ ಅಂಶವುಳ್ಳ ನೀರು ಬಂದು, ಕುಡಿದವರ ಹಲ್ಲುಗಳನ್ನೂ ಮೂಳೆಗಳನ್ನೂ ಕೆಡಿಸಿತು. ಈಗ ಆ ಸೀಮೆಗಳಲ್ಲಿ ಬೆಳಗಿನ ಮೊದಲ ಕೆಲಸ ಬಿಂದಿಗೆಯನ್ನೋ ಕ್ಯಾನನ್ನೋ ಹಿಡಿದು ಶುದ್ಧ ನೀರಿನ ಘಟಕದ ಮುಂದೆ ನಿಲ್ಲುವುದಾಗಿದೆ. ಊರಿನ ಸುದ್ದಿ ಹರಡುವ ತಾಣವಾಗಿದ್ದ ಹಳೆಯ ಬಾವಿಕಟ್ಟೆಯ ಸ್ಥಾನವನ್ನು ಆ ಸಾಲು ವಹಿಸಿಕೊಂಡಿದೆ.

ಕಾವೇರಿಯ ಬಯಲಿನಲ್ಲಿ ಚಿಂತೆಯ ಅಳತೆ ಅಡಿಗಳಲ್ಲಿರುತ್ತದೆ. ಕೃಷ್ಣರಾಜಸಾಗರದ ಗರಿಷ್ಠ ಮಟ್ಟವಾದ 124.80 ಅಡಿಯೆಂಬ ಸಂಖ್ಯೆಯನ್ನು ಮಂಡ್ಯದ ರೈತನೂ ಮೈಸೂರಿನ ಗೃಹಸ್ಥನೂ ಬಲ್ಲರು. ಮುಂಗಾರಿನ ತಿಂಗಳುಗಳಲ್ಲಿ ಪತ್ರಿಕೆಯನ್ನು ತೆರೆದೊಡನೆ ಅವರ ಕಣ್ಣು ಹೋಗುವುದು ಜಲಾಶಯದ ಇಂದಿನ ಮಟ್ಟದ ಕಡೆಗೆ. 1990ರಲ್ಲಿ ನ್ಯಾಯಾಧಿಕರಣ ರಚಿತವಾದಂದಿನಿಂದ 2018ರ ಫೆಬ್ರುವರಿಯ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಪರ್ಯಂತ ತಮಿಳುನಾಡಿನೊಡನೆ ನಡೆದ ಜಲವಿವಾದವು, ಕಾನೂನಿನ ಪರಿಭಾಷೆ ತಿಳಿಯದ ಜನರ ಬಾಯಲ್ಲಿಯೂ ಟಿ.ಎಂ.ಸಿ., ಕ್ಯೂಸೆಕ್ ಎಂಬ ಮಾತುಗಳನ್ನು ನೆಲೆಗೊಳಿಸಿತು. ಅದೇ ಜಲಾಶಯ ತುಂಬಿದ ವರ್ಷ ಮುಖ್ಯಮಂತ್ರಿಗಳು ಬಾಗಿನ ಅರ್ಪಿಸುವುದೂ, ತೆರೆದ ಗೇಟುಗಳಿಂದ ಧುಮುಕುವ ನೀರನ್ನು ನೋಡಲು ಬುತ್ತಿ ಕಟ್ಟಿಕೊಂಡ ಸಂಸಾರಗಳು ಬರುವುದೂ ವಾಡಿಕೆ. ಧಾರವಾಡ, ಗದಗದ ಕಡೆ ಮಹದಾಯಿಯ ಕಳಸಾ ಬಂಡೂರಿ ನಾಲೆಗಳ ಪ್ರಶ್ನೆಯೂ, ಕರಾವಳಿಯಲ್ಲಿ ಮಳೆಗಾಲದ ಕಡಲ್ಕೊರೆತವೂ ಇಷ್ಟೇ ತೀವ್ರವಾದ ಸ್ಥಳೀಯ ಕಳವಳಗಳಾಗಿವೆ.

ಬೆಳೆ, ಬೆಲೆ ಮತ್ತು ಕಾಡು

ಬೆಳೆ ಕೈಗೆ ಬರುವವರೆಗಿನ ಆತಂಕ ಒಂದು ಬಗೆಯದಾದರೆ, ಕೈಗೆ ಬಂದ ಮೇಲೆ ಬೆಲೆಯ ಆತಂಕ ಇನ್ನೊಂದು ಬಗೆಯದು. ಅಡಿಕೆಯ ತೋಟದವರು ಆಷಾಢದ ಮಳೆಯಲ್ಲಿ ಕೊಳೆರೋಗಕ್ಕೆ ಅಂಜಿ, ಗೊನೆಗಳಿಗೆ ಬೋರ್ಡೋ ದ್ರಾವಣವನ್ನು ಹೊಡೆಸಲು ಮರವೇರುವ ಕೊನೆಗಾರನನ್ನು ಹುಡುಕುತ್ತ ತಿರುಗುತ್ತಾರೆ. ಮಳೆಯೊಂದು ಹೊತ್ತು ಬಿಡದೆ, ಕೊನೆಗಾರನು ದೊರೆಯದೆ ಹೋದ ವಾರ ಆ ಮನೆಯಲ್ಲಿ ಬೇರೆ ಮಾತಿಲ್ಲ. ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಕಾಫಿ ಬೆಳೆಗಾರರು ಬೇಸಗೆಯ ಮೊದಲಲ್ಲಿ ಬೀಳಬೇಕಾದ ಹೂಮಳೆಗಾಗಿ ಕಾಯುತ್ತಾರೆ. ಕಾಫಿತೋಟಗಳಿಗೆ ಇಳಿಯುವ ಕಾಡಾನೆಗಳ ಹಿಂಡು ಈಚಿನ ದಶಕಗಳಲ್ಲಿ ಅವರ ನಿದ್ರೆಯನ್ನು ಕೆಡಿಸಿದೆ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆಯ ದೆಸೆಯಿಂದ, ಚಳಿಗಾಲ ಮುಗಿಯುವ ವೇಳೆಗೆ ಮಂಗಗಳು ಸತ್ತ ಸುದ್ದಿಯೊಂದು ಬಂದರೆ ದರಗು ಸೊಪ್ಪಿಗಾಗಿ ಕಾಡಿಗೆ ಹೋಗುವವರು ಹಿಂಜರಿಯುವರು. ಮಂಡ್ಯ, ಬೆಳಗಾವಿ, ಬಾಗಲಕೋಟೆಗಳಲ್ಲಿ ಕಬ್ಬಿನ ಬಾಕಿ, ಕಲಬುರಗಿಯಲ್ಲಿ ತೊಗರಿಯ ಬೆಂಬಲ ಬೆಲೆ, ಕೋಲಾರದಲ್ಲಿ ಟೊಮೇಟೋ ಹರಾಜು, ರಾಮನಗರ ಮತ್ತು ಶಿಡ್ಲಘಟ್ಟಗಳಲ್ಲಿ ರೇಷ್ಮೆಗೂಡಿನ ದರ ಎಂದು ಒಂದೊಂದು ಸೀಮೆಯ ಮಾತು ಒಂದೊಂದು ಪದಾರ್ಥದ ಸುತ್ತ ತಿರುಗುತ್ತದೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷಿದ್ಧವಾಗಿರುವುದರಿಂದ, ಆ 61 ದಿನಗಳಲ್ಲಿ ಮಲ್ಪೆ, ಮಂಗಳೂರುಗಳ ದಕ್ಕೆಯಲ್ಲಿ ಬಲೆ ಹೆಣೆಯುವ ಕೆಲಸವೂ ಸಾಲದ ಲೆಕ್ಕವೂ ಒಟ್ಟೊಟ್ಟಿಗೆ ಸಾಗುತ್ತವೆ.

ಇಂಥ ಸ್ಥಳೀಯ ದುಃಖಗಳು ಕೆಲವೊಮ್ಮೆ ಇತಿಹಾಸದ ಗತಿಯನ್ನೇ ತಿರುಗಿಸಿದುದುಂಟು. ಗೇಣಿಯನ್ನು ಅಳೆಯುವ ಕೊಳಗ ಅಗತ್ಯಕ್ಕಿಂತ ದೊಡ್ಡದಾಗಿದೆಯೆಂಬ ಸಾಗರ ತಾಲ್ಲೂಕಿನ ಗೇಣಿದಾರರ ದೂರು 1951ರಲ್ಲಿ ಕಾಗೋಡು ಸತ್ಯಾಗ್ರಹವಾಗಿ ಬೆಳೆದು, ರಾಮಮನೋಹರ ಲೋಹಿಯಾ ಅವರನ್ನು ಅಲ್ಲಿಗೆ ಕರೆತಂದಿತು. ದೇವರಾಜ ಅರಸು ಅವರ ಕಾಲದಲ್ಲಿ, 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯು ಉಳುವವನನ್ನೇ ಹೊಲದೊಡೆಯನನ್ನಾಗಿಸಿತು. 1980ರ ನರಗುಂದ, ನವಲಗುಂದಗಳ ರೈತಬಂಡಾಯವು ನೀರಿನ ಕರಭಾರದ ಪ್ರಶ್ನೆಯಿಂದ ಹುಟ್ಟಿ, ರಾಜ್ಯ ರೈತಸಂಘದ ಉದಯಕ್ಕೆ ಭೂಮಿಕೆಯಾಯಿತು. ಕೊಳಗವೊಂದರ ಗಾತ್ರ, ನಾಲೆಯೊಂದರ ಕರ ಎಂಬ ಅಲ್ಪ ವಿಷಯಗಳಿಂದ ಸರಕಾರಗಳು ಅಲುಗಾಡಿದ ಈ ನಾಡಿನಲ್ಲಿ ನಿತ್ಯಚಿಂತೆಯನ್ನು ಕ್ಷುಲ್ಲಕವೆಂದು ಎಣಿಸಲಾಗದು.

ಕಚೇರಿಯ ಅಲೆದಾಟ

ಪಹಣಿ, ಖಾತೆ, ಪೋಡಿ, ಪಡಿತರ ಚೀಟಿ, ಜಾತಿ ಮತ್ತು ಆದಾಯದ ದೃಢೀಕರಣ ಪತ್ರ, ವೃದ್ಧಾಪ್ಯ ವೇತನ ಇವುಗಳಿಗಾಗಿ ನಾಡಕಚೇರಿಗೂ ತಾಲ್ಲೂಕು ಕಚೇರಿಗೂ ಅಲೆಯುವುದು ಗ್ರಾಮೀಣ ಜೀವನದ ಒಂದು ಸ್ಥಿರವಾದ ಅಧ್ಯಾಯ. ಶಾನುಭೋಗರ ಕಡತದಲ್ಲಿದ್ದ ಪಹಣಿಯನ್ನು ಭೂಮಿ ಯೋಜನೆಯು ಗಣಕಯಂತ್ರಕ್ಕೆ ಏರಿಸಿದ ಮೇಲೆ ಪ್ರತಿಯನ್ನು ಪಡೆಯುವುದು ಸುಲಭವಾಯಿತಾದರೂ, ಅಣ್ಣತಮ್ಮಂದಿರ ನಡುವಣ ಹಿಸ್ಸೆಯ ಗೆರೆಯನ್ನು ಯಾವ ಯಂತ್ರವೂ ಎಳೆಯಲಾರದಾದ್ದರಿಂದ ಮೋಜಣಿದಾರನ ದಾರಿ ಕಾಯುವುದು ತಪ್ಪಿಲ್ಲ. 1993ರ ಪಂಚಾಯತ್ ರಾಜ್ ಅಧಿನಿಯಮದ ಮೂಲಕ ನೆಲೆಗೊಂಡ ಗ್ರಾಮಸಭೆಯಲ್ಲಿ ಬೀದಿದೀಪ, ಚರಂಡಿ, ಸ್ಮಶಾನದ ದಾರಿ, ಆಶ್ರಯ ಮನೆ ಎಂಬ ವಿಷಯಗಳೇ ಪ್ರಧಾನ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದು ಪರಿಗಣಿಸಿತು. ಕಲ್ಯಾಣ ಕರ್ನಾಟಕದ ಈ ಬಗೆಯ ತಾಲ್ಲೂಕುಗಳಿಂದ ಸುಗ್ಗಿ ಮುಗಿದೊಡನೆ ಕೂಲಿಗಾಗಿ ಬೆಂಗಳೂರು, ಮುಂಬಯಿ, ಗೋವೆಗಳಿಗೆ ಗುಳೆ ಹೋಗುವ ಸಂಸಾರಗಳು ಮನೆಯ ಕದಕ್ಕೆ ಬೀಗವಿಕ್ಕಿ, ಅಜ್ಜಿಯನ್ನೋ ಶಾಲೆಗೆ ಹೋಗುವ ಮಗುವನ್ನೋ ಊರಲ್ಲಿ ಬಿಟ್ಟು ಬಸ್ಸನ್ನೇರುತ್ತವೆ. ಅವರು ತಪ್ಪದೆ ಊರಿಗೆ ಮರಳುವುದು ಎರಡೇ ಕಾರಣಗಳಿಗೆ: ಜಾತ್ರೆಗೆ ಮತ್ತು ಚುನಾವಣೆಗೆ.

ಕಟ್ಟೆ, ಸಂತೆ ಮತ್ತು ಹೋಟೆಲು

ಮೇಲೆ ಹೇಳಿದ ಚಿಂತೆಗಳೆಲ್ಲ ಮಾತಾಗಿ ಹೊರಬರುವ ನೆಲೆಗಳು ಮೂರು. ಮೊದಲನೆಯದು ಅರಳಿಕಟ್ಟೆ. ಅರಳಿಯನ್ನೂ ಬೇವನ್ನೂ ಜೊತೆಯಾಗಿ ನೆಟ್ಟು ಸುತ್ತ ಕಲ್ಲುಕಟ್ಟಡದ ಜಗಲಿಯನ್ನು ಕಟ್ಟಿದ ಈ ತಾಣದಲ್ಲಿ ಹಗಲೆಲ್ಲ ಹಿರಿಯರು ಎಲೆಯಡಿಕೆ ಮೆಲ್ಲುತ್ತ ಕೂಡುತ್ತಾರೆ. ಕಟ್ಟೆಯ ಚಪ್ಪಡಿಯ ಮೇಲೆಯೇ ಕೊರೆದ ಹುಲಿಕಟ್ಟಿನ ಗೆರೆಗಳು ಎಷ್ಟೋ ಊರುಗಳಲ್ಲಿ ಇಂದಿಗೂ ಕಾಣಸಿಗುತ್ತವೆ. ನ್ಯಾಯಪಂಚಾಯಿತಿಯೂ ಕಾಯಿ ನಡೆಸುವ ಆಟವೂ ಒಂದೇ ಕಲ್ಲಿನ ಮೇಲೆ ನಡೆದುಬಂದಿವೆ. ಎರಡನೆಯದು ವಾರದ ಸಂತೆ. ಮಾರುವುದಕ್ಕೂ ಕೊಳ್ಳುವುದಕ್ಕೂ ಏನೂ ಇಲ್ಲದವನೂ ಸಂತೆಯ ದಿನ ಮನೆಯಲ್ಲಿ ನಿಲ್ಲಲಾರನು. ಬೀಗರನ್ನು ಕಾಣುವುದು, ಗಂಡುಹೆಣ್ಣಿನ ಸಂಬಂಧ ಕೇಳುವುದು, ದನದ ಹಲ್ಲು ನೋಡುವುದು, ಸಂಜೆಗೆ ಮಂಡಕ್ಕಿ ಮಿರ್ಚಿಯನ್ನೋ ಕಾರಾಬೂಂದಿಯನ್ನೋ ಕಟ್ಟಿಸಿಕೊಂಡು ಮಕ್ಕಳಿಗೆ ಒಯ್ಯುವುದು, ಇವೆಲ್ಲ ಸಂತೆಯ ವ್ಯವಹಾರಗಳೇ. ಮೂರನೆಯದು ಹೋಟೆಲು. ಉಡುಪಿಯ ಕಡೆಯ ಪಾಕಶಾಸ್ತ್ರಜ್ಞರು ಘಟ್ಟವನ್ನೇರಿ ಊರೂರಿಗೆ ಹರಡಿದ ಈ ಸಂಸ್ಥೆಯಲ್ಲಿ ಬೈಟೂ ಕಾಫಿಯೊಂದನ್ನು ಹಂಚಿಕೊಂಡು, ಒಂದೇ ಪತ್ರಿಕೆಯ ಹಾಳೆಗಳನ್ನು ನಾಲ್ವರು ಹರಿದು ಓದುವ ದೃಶ್ಯ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಪಟ್ಟಣಜೀವನದ ಗುರುತಾಗಿ ನಿಂತಿತು.

ಹಬ್ಬ, ಜಾತ್ರೆ ಮತ್ತು ಪಂದ್ಯ

ಕರ್ನಾಟಕದ ವಿರಾಮಕ್ಕೆ ವಾರದ ರಜೆಗಿಂತ ಸುಗ್ಗಿಯ ಚಕ್ರವೇ ಆಧಾರ. ಉತ್ತರದಲ್ಲಿ ಎಳ್ಳಮಾವಾಸ್ಯೆಯಂದು ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಕಡುಬು, ಶೇಂಗಾ ಹೋಳಿಗೆಗಳ ಬುತ್ತಿಯನ್ನು ಚಕ್ಕಡಿಯಲ್ಲಿ ಹೇರಿಕೊಂಡು ಹೊಲಕ್ಕೆ ಹೋಗಿ, ಬೆಳೆದು ನಿಂತ ಜೋಳದ ನಡುವೆ ಚರಗ ಚೆಲ್ಲಿ, ನೆರೆಹೊರೆಯವರೊಡನೆ ಸಾಲಾಗಿ ಕುಳಿತು ಉಣ್ಣುವ ಸಂಭ್ರಮವು ಭೂಮಿಗೆ ಸಲ್ಲಿಸುವ ಪೂಜೆಯೂ ವರ್ಷಕ್ಕೊಮ್ಮೆ ದೊರೆಯುವ ವನಭೋಜನವೂ ಆಗಿದೆ. ದಕ್ಷಿಣದಲ್ಲಿ ಸಂಕ್ರಾಂತಿಯ ಸಂಜೆ ದನಗಳಿಗೆ ಕಿಚ್ಚು ಹಾಯಿಸುತ್ತಾರೆ. ಕೊಡಗಿನಲ್ಲಿ ಹೊಸ ಭತ್ತದ ಕದಿರನ್ನು ಮನೆಗೆ ತರುವ ಪುತ್ತರಿ ಪ್ರಧಾನವಾದ ಹಬ್ಬ. ಅಲ್ಲಿಯೇ 1997ರಲ್ಲಿ ಕರಡ ಎಂಬ ಊರಿನಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಯು ಈಗ ನೂರಾರು ಮನೆತನಗಳನ್ನು ಒಂದು ಮೈದಾನಕ್ಕೆ ತರುತ್ತಿದೆ.

ಜಾತ್ರೆಗಳಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಸಿರಸಿಯ ಮಾರಿಕಾಂಬೆಯದು, ಕೊಪ್ಪಳದ ಗವಿಸಿದ್ಧೇಶ್ವರನದು, ಕಲಬುರಗಿಯ ಶರಣಬಸವೇಶ್ವರನದು, ಬಾದಾಮಿಯ ಬಳಿಯ ಬನಶಂಕರಿಯದು ಪ್ರಖ್ಯಾತವಾದವು. ಬನಶಂಕರಿಯ ಜಾತ್ರೆಯಲ್ಲಿ ವೃತ್ತಿನಾಟಕದ ಹಲವು ಕಂಪನಿಗಳು ಏಕಕಾಲದಲ್ಲಿ ಡೇರೆ ಹಾಕಿ, ಇರುಳೆಲ್ಲ ಆಟವಾಡಿ, ವರ್ಷದ ಸಂಪಾದನೆಯ ಬಹುಭಾಗವನ್ನು ಅಲ್ಲಿಯೇ ಕಂಡುಕೊಳ್ಳುತ್ತವೆ. ಕುಸ್ತಿಯ ಪ್ರಿಯತೆ ಮೈಸೂರಿನ ಗರಡಿಮನೆಗಳಿಂದ ಬೆಳಗಾವಿಯ ಕಣಗಳವರೆಗೆ ವ್ಯಾಪಿಸಿದ್ದು, ದಸರೆಗೆ ಮುಂಚೆ ಜೋಡಿ ಕಟ್ಟುವುದೇ ಒಂದು ಸಮಾರಂಭವೆನಿಸಿದೆ. ಉತ್ತರ ಕರ್ನಾಟಕದ ಮೊಹರಮ್ಮಿನಲ್ಲಿ ಅಲಾವಿಯ ಸುತ್ತ ಹೆಜ್ಜೆ ಹಾಕುವವರ ಗುಂಪಿನಲ್ಲಿ ಹಿಂದೂ ಮುಸಲ್ಮಾನರೆಂಬ ಭೇದವನ್ನು ಹುಡುಕುವುದು ಕಷ್ಟ. ಕರಾವಳಿಯ ಕೆಸರುಗದ್ದೆಯಲ್ಲಿ ಕೋಣಗಳನ್ನೋಡಿಸುವ ಕಂಬಳವು 2014ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ತರುವಾಯ ಸ್ಥಗಿತಗೊಂಡಾಗ ಜನ ಬೀದಿಗಿಳಿದರು. 2017ರಲ್ಲಿ ರಾಜ್ಯವು ಮಾಡಿದ ತಿದ್ದುಪಡಿಯನ್ನು ನ್ಯಾಯಾಲಯ 2023ರಲ್ಲಿ ಎತ್ತಿಹಿಡಿಯಿತು. ವಿರಾಮವೇ ಅಹವಾಲಿನ ವಿಷಯವಾದ ವಿಶಿಷ್ಟ ಪ್ರಸಂಗವಿದು.

ರಂಗ, ಬಾನುಲಿ, ಚಿತ್ರ

ದೀಪಾವಳಿಯ ಸುಮಾರಿಗೆ ತಿರುಗಾಟಕ್ಕೆ ಹೊರಟು ಮೇ ತಿಂಗಳ ಕೊನೆಗೆ, ತುಳುನಾಡಿನ ಪತ್ತನಾಜೆಯ ಹೊತ್ತಿಗೆ ಗೆಜ್ಜೆ ಬಿಚ್ಚುವ ಯಕ್ಷಗಾನ ಮೇಳಗಳು ಮಳೆಯ ಆಜ್ಞೆಯನ್ನೇ ಪಾಲಿಸುತ್ತವೆ. ಆಟ ನಿಂತ ಆ ನಾಲ್ಕಾರು ತಿಂಗಳು ವೇಷಭೂಷಣಗಳಿಲ್ಲದೆ, ಕುಳಿತಲ್ಲಿಯೇ ಮಾತಿನಿಂದ ಪ್ರಸಂಗವನ್ನು ಕಟ್ಟುವ ತಾಳಮದ್ದಳೆಗೆ ಮೀಸಲು. ಕೆಲವು ತಂಡಗಳು ಆ ಅವಧಿಯಲ್ಲಿ ಮುಂಬಯಿಗೆ ಹೋಗಿ, ಅಲ್ಲಿಯ ಹೋಟೆಲುಗಳಲ್ಲಿ ದುಡಿಯುವ ಕರಾವಳಿಯ ಜನಕ್ಕೆ ಊರಿನ ನೆನಪನ್ನು ಮುಟ್ಟಿಸಿಬರುತ್ತವೆ. ಬೆಳಗಾವಿ, ಬಾಗಲಕೋಟೆಗಳ ಕಡೆ ಶ್ರೀಕೃಷ್ಣ ಪಾರಿಜಾತ, ದೊಡ್ಡಾಟ, ಗೀಗೀ ಪದಗಳೂ ಮಂಡ್ಯ, ಮೈಸೂರುಗಳ ಕಡೆ ಹಾರ್ಮೋನಿಯಂ ಮೇಷ್ಟರು ತಿಂಗಳುಗಟ್ಟಲೆ ಕಲಿಸಿದ ಪೌರಾಣಿಕ ನಾಟಕಗಳೂ ಇದೇ ಸ್ಥಾನವನ್ನು ಪಡೆದಿವೆ. ಸಾಗರದ ಬಳಿಯ ಹೆಗ್ಗೋಡೆಂಬ ಅಡಿಕೆತೋಟದ ಹಳ್ಳಿಯಲ್ಲಿ 1949ರಲ್ಲಿ ಸ್ಥಾಪಿತವಾಗಿ, ಕೆ.ವಿ. ಸುಬ್ಬಣ್ಣನವರ ದೀಕ್ಷೆಯಿಂದ ಬೆಳೆದ ನೀನಾಸಂ, ಹವ್ಯಾಸವು ವಿದ್ಯೆಯಾಗಬಲ್ಲುದೆಂಬುದಕ್ಕೆ ಸಾಕ್ಷಿ.

1935ರಲ್ಲಿ ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಆರಂಭಿಸಿದ ಬಾನುಲಿ ಕೇಂದ್ರದಿಂದಲೇ ಆಕಾಶವಾಣಿಯೆಂಬ ಹೆಸರು ಪ್ರಚಾರಕ್ಕೆ ಬಂತು. 1950ರಲ್ಲಿ ಧಾರವಾಡ, 1955ರಲ್ಲಿ ಬೆಂಗಳೂರು ಕೇಂದ್ರಗಳು ಪ್ರಾರಂಭವಾದ ಬಳಿಕ ಪಂಚಾಯಿತಿಯ ರೇಡಿಯೋದ ಸುತ್ತ ಕೃಷಿಯ ಸಲಹೆಯನ್ನೂ ಚಿತ್ರಗೀತೆಯನ್ನೂ ಒಂದೇ ಸಂಜೆ ಕೇಳುವ ಅಭ್ಯಾಸ ಬೆಳೆಯಿತು. 1934ರ ಸತಿ ಸುಲೋಚನ ಮೊದಲ ಕನ್ನಡ ವಾಕ್ಚಿತ್ರ. ಟೆಂಟಿನಲ್ಲಿ ಮರಳಿನ ಮೇಲೆ ಕುಳಿತು ಚಿತ್ರ ನೋಡಿದ ತಲೆಮಾರಿನವರು, ರಾಜಕುಮಾರ್ ಅವರು ಬರಡು ಭೂಮಿಯನ್ನು ಹಸನುಮಾಡುವ ರೈತನಾಗಿ ನಟಿಸಿದ 1972ರ ಬಂಗಾರದ ಮನುಷ್ಯವನ್ನು ಮತ್ತೆ ಮತ್ತೆ ಕಂಡರು. ಹಗಲಿನ ಬೇಸಾಯದ ಚಿಂತೆಯನ್ನೇ ಇರುಳಿನ ಬೆಳ್ಳಿತೆರೆಯ ಮೇಲೂ ನೋಡಲು ಅವರು ಬೇಸರಿಸಲಿಲ್ಲ.

ಹೆಂಗಸರ ಮತ್ತು ಮಕ್ಕಳ ಬಿಡುವು

ಹೆಂಗಸರ ವಿರಾಮವನ್ನು ದುಡಿಮೆಯಿಂದ ಬೇರ್ಪಡಿಸಿ ನೋಡುವುದು ಇನ್ನೂ ಕಠಿನ. ಬೀಸುವ ಕಲ್ಲಿನೊಡನೆ ಹುಟ್ಟಿದ ಪದಗಳು, ನಾಟಿಯ ಗದ್ದೆಯಲ್ಲಿ ಹುಟ್ಟಿದ ಪದಗಳು, ಮದುವೆಯ ಮನೆಯ ಸೋಬಾನೆಗಳು ದಣಿವನ್ನು ಮರೆಸುವುದಕ್ಕೆ ಕಟ್ಟಿದವು. ಬೇಸಗೆಯ ಮಧ್ಯಾಹ್ನ ಹಪ್ಪಳ ಲಟ್ಟಿಸಲು ನೆರೆಮನೆಯವರು ಕೂಡುವುದೂ, ದಕ್ಷಿಣ ಕನ್ನಡದಲ್ಲಿ ಮಡಿಲಿನ ಮೊರದಲ್ಲಿ ಬೀಡಿ ಕಟ್ಟುತ್ತ ಜಗಲಿಯಲ್ಲಿ ಹರಟುವುದೂ ಈ ಬಗೆಯವೇ. ಪಂಚಮಿಯ ಜೋಕಾಲಿ ಮತ್ತು ಗೌರಿಹಬ್ಬದ ತವರುಮನೆಗಳಷ್ಟೇ ಶುದ್ಧವಾದ ಬಿಡುವೆಂದು ಹಿಂದಿನವರು ಎಣಿಸುತ್ತಿದ್ದರು. 2023ರ ಜೂನ್ 11ರಿಂದ ಸರಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲವೆಂದಾದ ಮೇಲೆ ಓರಗೆಯವರು ಗುಂಪು ಕಟ್ಟಿಕೊಂಡು ಧರ್ಮಸ್ಥಳಕ್ಕೋ ಸವದತ್ತಿಯ ಎಲ್ಲಮ್ಮನಿಗೋ ಹೋಗಿಬರುವ ಹೊಸ ಸ್ವಾತಂತ್ರ್ಯವೊಂದು ಅದಕ್ಕೆ ಸೇರಿದೆ. ಮಕ್ಕಳ ಲಗೋರಿ, ಚಿನ್ನಿದಾಂಡು, ಬುಗುರಿ, ಕುಂಟೆಬಿಲ್ಲೆಗಳ ಸ್ಥಳವನ್ನು ಬಹುಪಾಲು ಕ್ರಿಕೆಟ್ ಆಕ್ರಮಿಸಿದೆ. ಅಳಗುಳಿಮಣೆಯೂ ಚೌಕಾಬಾರವೂ ಮುದುಕಿಯರ ಪೆಟ್ಟಿಗೆಯಲ್ಲಿ ಉಳಿದು, ಮೊಬೈಲು ಕೈತಪ್ಪಿದ ದಿನ ಮಾತ್ರ ಹೊರಬರುತ್ತವೆ.

ನಗರದ ಸ್ಥಿತಿ

1905ರಲ್ಲಿ ಶಿವನಸಮುದ್ರದ ವಿದ್ಯುತ್ತಿನಿಂದ ಬೀದಿದೀಪಗಳನ್ನು ಕಂಡ ಬೆಂಗಳೂರು ಇಂದು ಸುಮಾರು 100 ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಮೇಲೆತ್ತಿ ತರಿಸಿಕೊಂಡು ಕುಡಿಯುತ್ತಿದೆ. ಆ ಕೊಳವೆ ಮುಟ್ಟದ ಹೊರವಲಯದವರು 2024ರ ಬೇಸಗೆಯಲ್ಲಿ ಟ್ಯಾಂಕರಿಗಾಗಿ ಪಟ್ಟ ಪಾಡು ಬಯಲುಸೀಮೆಯ ಹಳ್ಳಿಗರ ಪಾಡಿಗಿಂತ ಭಿನ್ನವಾಗಿರಲಿಲ್ಲ. ರಸ್ತೆಯ ಗುಂಡಿ, ಕಸದ ವಿಲೇವಾರಿ, ರಾಜಕಾಲುವೆಯ ಒತ್ತುವರಿ, ಸಂಚಾರದ ದಟ್ಟಣೆ, ಬಿ ಖಾತೆ, ಬಾಡಿಗೆಯ ಮುಂಗಡ ಇವು ನಗರವಾಸಿಯ ನಿತ್ಯಸ್ಮರಣೆಯ ವಿಷಯಗಳು. 2011ರ ಅಕ್ಟೋಬರಿನಲ್ಲಿ ಓಡಲಾರಂಭಿಸಿದ ಮೆಟ್ರೋ ಪ್ರಯಾಣದ ಹೊರೆಯನ್ನು ತುಸು ಇಳಿಸಿದರೂ, ದಿನದ ಎಷ್ಟೋ ಗಂಟೆಗಳು ದಾರಿಯಲ್ಲಿಯೇ ಸವೆಯುವುದರಿಂದ ಅವನ ಬಿಡುವು ಬೆಳಗಿನ ಜಾವಕ್ಕೆ ಸರಿದಿದೆ: ಹೈದರಾಲಿ 1760ರಲ್ಲಿ ಹಾಕಿಸಿದ ಲಾಲ್‌ಬಾಗಿನಲ್ಲಿ ನಡೆದಾಡಿ, ದರ್ಶಿನಿಯ ಎದುರು ನಿಂತು ಇಡ್ಲಿ ತಿಂದು, ಕಾಫಿಯ ಜೊತೆಗೆ ಕಸದ ಗಾಡಿ ಬಾರದುದನ್ನು ಕುರಿತು ಸ್ನೇಹಿತರೊಡನೆ ವಾದಿಸುವ ಆ ಒಂದು ತಾಸು ಅವನ ಅರಳಿಕಟ್ಟೆ. ರಾಮನವಮಿಯ ಪಾನಕ ಕೋಸಂಬರಿಗಳೊಡನೆ ತಿಂಗಳ ಪರ್ಯಂತ ನಡೆಯುವ ಸಂಗೀತ ಕಚೇರಿಗಳೂ ಚೈತ್ರ ಹುಣ್ಣಿಮೆಯ ಕರಗವೂ ಈ ನಗರದ ಹಳೆಯ ಬಿಡುವುಗಳು.

ಇವುಗಳ ನಡುವೆ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ವಿಶೇಷವಾದ ಅರ್ಥವಿದೆ. ಈಗ ಪೇಟೆಯ ನಟ್ಟನಡುವೆ ಇರುವ ಆ ಪ್ರದೇಶ ಒಂದು ಕಾಲಕ್ಕೆ ಸುಂಕೇನಹಳ್ಳಿ, ಮಾವಳ್ಳಿ ಮೊದಲಾದ ಹಳ್ಳಿಗಳ ಹೊಲವಾಗಿತ್ತು. ರಾತ್ರಿಯ ಹೊತ್ತು ಬಂದು ಕಡಲೆಕಾಯಿ ಗಿಡವನ್ನು ಮೇಯುತ್ತಿದ್ದ ಬಸವನೊಂದನ್ನು ಕಾವಲಿದ್ದ ರೈತರು ಹೊಡೆಯಲು ಅದು ಕಲ್ಲಾಯಿತೆಂದೂ, ಪಶ್ಚಾತ್ತಾಪಗೊಂಡ ಅವರು ಗುಡಿ ಕಟ್ಟಿಸಿ ಮೊದಲ ಫಸಲನ್ನು ಅದಕ್ಕೇ ಅರ್ಪಿಸುವ ಹರಕೆ ಹೊತ್ತರೆಂದೂ ಐತಿಹ್ಯವುಂಟು. ಆ ಹಳ್ಳಿಗಳಲ್ಲಿ ಇಂದು ಹೊಲವಿಲ್ಲ, ಕಾವಲಿಲ್ಲ, ಮೇಯುವ ಬಸವನೂ ಇಲ್ಲ. ಆದರೂ ಕಾರ್ತಿಕ ಮಾಸದ ಕಡೆಯ ಸೋಮವಾರ ದೂರದ ಊರುಗಳ ರೈತರು ಮೂಟೆಗಳನ್ನು ತಂದು ಬ್ಯೂಗಲ್ ರಾಕಿನ ಬದಿಯಲ್ಲಿ ರಾಶಿ ಸುರಿದಾಗ, ಕಚೇರಿ ಬಿಟ್ಟು ಸಂಸಾರಸಹಿತ ಅಲ್ಲಿಗೆ ಬಂದ ನಗರದವನು ಸೇರು ಕಡಲೆಕಾಯನ್ನು ಕೊಳ್ಳುತ್ತ, ಈ ಸಾರಿ ಮಳೆ ಹೇಗಾಯಿತೆಂದು ಆ ರೈತನನ್ನು ವಿಚಾರಿಸದೆ ಇರುವುದಿಲ್ಲ.